ಬಾಣಂತಿ ಮನಿಗೆ ಹೊಂಟೀರೇನ್ರಿ? ಇದನ್ನ ನೋಡ್ಕೊಂಡು ಹೋಗ್ರಿ

ನಮಸ್ಕಾರ್ರೀ ಎಲ್ಲಾರಿಗೂ. ಇವತ್ತಿನ ವಿಡಿಯೋದಾಗ ಕೂಸಿನ ಮಾರಿ ಕಾಣಂಗಿಲ್ಲ, ಮೊದ್ಲ ಹೇಳಿಬಿಡ್ತೀನಿ. ಅವರಪ್ಪ ಅವರವ್ವ ಇಬ್ರೂ ಬ್ಯಾಡ ಅಂದಾರ, ನಂಗೂ ಅದು ಸರಿ ಅನಸ್ತು. ನಿಮಗ ಕಾಣೋದು ಅಡಗಿ ಮನಿ, ಒಣಾಕ ಹಾಕಿದ ಲಂಗೋಟಿ, ಕುಲಾಯಿ, ನನ್ನ ಕೈ, ಅಷ್ಟ.

ನಮ್ಮ ತಮ್ಮನ ಹೆಂಡ್ತಿ ತವರು ಗದಗ. ಚೊಚ್ಚಲ ಬಾಣಂತನ ತವರಾಗ ಆಗೋದು ನಮ್ಮ ಕಡೆ ಪದ್ಧತಿ, ಆದ್ರ ಅವರವ್ವಗ ಮೊಣಕಾಲ ಆಪರೇಶನ್ ಆಗಿ ಅವರನ್ನ ನೋಡ್ಕೊಳ್ಳಾಕ ಒಬ್ರು ಬೇಕಾಗ್ಯಾರ, ಹಿಂಗಾಗಿ ಬಾಣಂತನ ಧಾರವಾಡದಾಗ, ಸಪ್ತಾಪುರದ ಬಾಡಗಿ ಮನ್ಯಾಗ ನಡದೈತಿ. ನಾ ಇರೋದು ಹುಬ್ಬಳ್ಳಿ ವಿದ್ಯಾನಗರದಾಗ. ಮಕ್ಕಳು ಸಾಲಿಗೆ ಹೋದ ಮ್ಯಾಲೆ ಚಿಗರಿ ಬಸ್ ಹತ್ತೋದು, ಸಂಜಿಕ್ಕ ವಾಪಸ್ ಬರೋದು. ಇದರಾಗ ನಾ ನೋಡಿದ್ದು ಒಂದು ಮಾತು ಐತಿ, ಅದನ್ನ ಹೇಳ್ಬೇಕಂತ ಈ ವಿಡಿಯೋ ಮಾಡಾಕತ್ತೀನಿ. ಬರೋರೆಲ್ಲಾ ಕೂಸಿನ್ನ ಎತ್ಕೋತಾರ, ಬಾಣಂತಿ ಎದ್ದು ಚಾ ಮಾಡ್ತಾಳ. ಉಲ್ಟಾ ಆಗ್ಬೇಕ್ರಿ ಇದು. ಕೂಸು ಆಕಿ ಮಗ್ಗಲಾಗ ಇರ್ಲಿ, ಚಾ ನೀವು ಮಾಡ್ರಿ.

ಒಂದು ಲೆಕ್ಕ ಹಾಕಿ ನೋಡ್ರಿ. ಹುಟ್ಟಿದ ಕೂಸು 24 ತಾಸಿನಾಗ 8ರಿಂದ 12 ಸಲ ಹಾಲು ಕುಡೀತೈತಿ. ಕುಡಿಸೋದು, ಹೆಗಲಿಗೆ ಹಾಕ್ಕೊಂಡು ತೇಗು ತರಸೋದು, ಬಟ್ಟಿ ಬದಲಿ ಮಾಡೋದು, ಮಲಗಸೋದು, ಇಷ್ಟು ಮುಗಿಯೋದ್ರಾಗ ಒಂದು ತಾಸು ಹೋಗಿರ್ತೈತಿ, ಇನ್ನೊಂದು ಒಂದೂವರಿ ತಾಸಿಗೆ ಮತ್ತ ಅದು ಬಾಯಿ ಬಿಡ್ತೈತಿ. ನಡುವ ಸಿಗೋದಷ್ಟ ಆಕಿ ನಿದ್ದಿ. ಆ ಹೊತ್ತಿಗೇ ನಾವು ಬೆಲ್ ಒತ್ತಿದ್ರ ಆ ನಿದ್ದಿ ಹೋತು, ಮುಂದಿನ ಸರದಿ ಬರೋತನಕ ಇಲ್ಲ. ಮ್ಯಾಲೆ ಸಿಸೇರಿಯನ್ ಆಗಿದ್ರ ಹೊಟ್ಟಿಗೆ ಹೊಲಿಗಿ ಹಾಕಿರ್ತಾರ, ಕೂಸಿಗಿಂತ ಭಾರದ್ದು ಏನೂ ಎತ್ತಬ್ಯಾಡ್ರಿ ಅಂತ ಡಾಕ್ಟರು ಹೇಳಿರ್ತಾರ. ಅಂಥಾಕಿ ಯಾಕ ನೀರಿನ ಕೊಡ ಎತ್ಬೇಕು?

ಈಗ ಕಾಣಾಕತ್ತೈತಲ್ಲ, ಇದು ಅಂಟಿನ ಉಂಡಿ ಮಾಡಿದ ದಿವಸದ್ದು. ಅಂಟು ತುಪ್ಪದಾಗ ಸ್ವಲ್ಪ ಸ್ವಲ್ಪನ ಹಾಕಿ ಕರೀಬೇಕು, ಒಮ್ಮೆಲೇ ಹಾಕಿದ್ರ ಒಳಗ ಗಟ್ಟಿ ಉಳದು ಹಲ್ಲಿಗೆ ಹತ್ತತೈತಿ, ಸರಿಯಾಗಿ ಅರಳಿದ್ರ ಬಟ್ಟಲಲೇ ಒತ್ತಿದ ಕೂಡ್ಲೆ ಪುಡಿ ಆಗ್ತೈತಿ. ಅದಕ್ಕ ಹುರದ ಒಣಕೊಬ್ರಿ, ಕುಟ್ಟಿದ ಉತ್ತತ್ತಿ, ಗಸಗಸಿ, ಯಾಲಕ್ಕಿ, ಜಾಜಿಕಾಯಿ, ಬೆಲ್ಲ. ನಮ್ಮವ್ವ ಬೆಲ್ಲದ ಪಾಕ ನೋಡೋದು ಬೆರಳಲೇ, ಅದನ್ನ ಝೂಮ್ ಮಾಡೀನಿ ನೋಡ್ರಿ. ಉಂಡಿ ಯಾಕ ಅಂದ್ರ, ಶಕ್ತಿ ಬರ್ತೈತಿ ಅನ್ನೋದು ಒಂದು, ನಂಗ ಕಂಡಿದ್ದು ಇನ್ನೊಂದು ಐತಿ: ಒಂದು ಕೈಯಾಗ ಕೂಸು ಇದ್ದಾಗ ಇನ್ನೊಂದು ಕೈಲೆ ತಿನ್ನಬಹುದು. ನಡುರಾತ್ರಿ ಹಾಲು ಕುಡಸೂ ಮುಂದ ಬಾಣಂತಿಗೆ ಜೋರ್ ಹಸಿವಾಗ್ತೈತ್ರಿ. ಅವಾಗ ಯಾರೂ ರೊಟ್ಟಿ ಬಡಿಯಾಕ ಏಳಂಗಿಲ್ಲ, ದಿಂಬಿನ ಕಡೆ ಡಬ್ಬಿಯೊಳಗ ಉಂಡಿ, ಬಾಜೂಕ ನೀರಿನ ತಂಬಿಗಿ ಇದ್ರ ಆಕಿಗೆ ಆಸರ. ಬಾಣಂತಿ ನೋಡಾಕ ಹೋಗೋರು ಕೂಸಿಗೆ ಫ್ರಾಕ್ ತಗೊಂಡು ಹೋಗೋದು ಬಿಟ್ಟು ಆಕಿಗೆ ಊಟದ ಡಬ್ಬಿ ಒಯ್ಯಿರಿ. ಸಬ್ಬಸಗಿ ಪಲ್ಯ, ಹೆಸರಬ್ಯಾಳಿ ಸಾರು, ಬಿಸಿ ರೊಟ್ಟಿ, ಬಳ್ಳೊಳ್ಳಿ ಹಾಕಿದ ಮೆಂತ್ಯೆ ಪಲ್ಯ, ಏನ್ ಮನ್ಯಾಗ ಮಾಡೀರಿ ಅದನ್ನ. ಡಬ್ಬಿ ವಾಪಸ್ ಕೇಳಬ್ಯಾಡ್ರಿ, ಅದನ್ನ ತೊಳದು ಕಳಸೋದೂ ಒಂದು ಕೆಲಸ.

ನೀರಿನ ವಿಷಯಕ್ಕ ಮಾತ್ರ ನಾ ಹಿರ್ಯಾರ ಜೋಡಿ ಕುಂತು ಮಾತಾಡೀನಿ. ಬಾಣಂತಿಗೆ ನೀರು ಕಡಿಮಿ ಕೊಡ್ಬೇಕು, ಇಲ್ಲಂದ್ರ ಹೊಟ್ಟಿ ಬರ್ತೈತಿ ಅಂತ ಇನ್ನೂ ಭಾಳ ಮನ್ಯಾಗ ನಡದೈತಿ. ಹಾಲು ಕುಡಸೋ ಹೆಣ್ಮಗಳಿಗೆ ನೀರಡಿಕಿ ಜಾಸ್ತಿ, ಬ್ಯಾಸಗಿ ಇದ್ರಂತೂ ಕೇಳೋದ ಬ್ಯಾಡ, ನೀರು ಕಡಿಮಿ ಆದ್ರ ಮಲಬದ್ಧತೆ, ಉರಿಮೂತ್ರ ಶುರು ಆಗ್ತಾವು. ಕುಡೀಲಿ ಬಿಡ್ರಿ. ಕೆಂಡದ ಹೊಗಿನೂ ಹಂಗ. ಎರಿಯಾಕ ಬರೋ ಆಯಿ ಕೈ ನಮಗೆಲ್ಲಾ ಬೇಕು, ಎಣ್ಣಿ ಹಚ್ಚಿ ಬಿಸಿನೀರು ಹಾಕಿದ್ರ ಬಾಣಂತಿ ಮೈ ಹಗುರ ಆಗ್ತೈತಿ, ಆಯಿ ಮಾತಾಡ್ಕೋತ ಬೆನ್ನು ತಿಕ್ಕೂ ಮುಂದ ಆಕಿ ಮಾರಿ ನೋಡಬೇಕು ನೀವು! ಅದು ಇರ್ಲಿ. ಆದ್ರ ಕಿಡಕಿ ಮುಚ್ಚಿದ ಖೋಲ್ಯಾಗ ಕೆಂಡ, ಲೋಬಾನ ಹಾಕಿದ್ರ ಆ ಹೊಗಿ ಸಣ್ಣ ಕೂಸಿನ ಪುಪ್ಪಸಕ್ಕ ಭಾಳ ಕೆಟ್ಟದ್ದು. ಆಯಿಗೆ ನಾ ಸಾವಕಾಶ ಹೇಳಿದೆ, ಕೇಳಿದ್ರು, ಈಗ ಧೂಪ ದೇವರ ಮುಂದಷ್ಟ. ಜೇನತುಪ್ಪ ನೆಕ್ಕಸೋದೂ ಬ್ಯಾಡ, ಒಂದು ವರ್ಷ ತುಂಬೋತನಕ ಜೇನತುಪ್ಪ ಕೂಸಿಗೆ ಕೊಡಬಾರ್ದು. 6 ತಿಂಗಳತನಕ ಬರೇ ತಾಯಿ ಹಾಲು, ನೀರೂ ಬ್ಯಾಡ.

ಇನ್ನ ಆ ಮಾತು. "ಹಾಲು ಸಾಲ್ತಾವೇನ? ಕೂಸು ಸೊರಗಿದಂಗ ಕಾಣ್ತೈತಿ." ಬಂದೋರ ಪೈಕಿ ಒಬ್ರಾದ್ರೂ ಇದನ್ನ ಅನ್ನದ ಹೋಗಂಗಿಲ್ಲ, ಅವರು ಹೋದ ಮ್ಯಾಲೆ ಆಕಿ ಮಾರಿ ಗ್ವಾಡಿ ಕಡೆ ಮಾಡಿ ಅಳೋದನ್ನ ನಾ ನೋಡೀನಿ. ಯವ್ವಾ ಅಕ್ಕಾ ಅನ್ನೋರೆಲ್ಲಾ ಕೇಳ್ರಿ, ಹುಟ್ಟಿದ ಕೂಸು ಮೊದಲನೇ ವಾರ ಸ್ವಲ್ಪ ತೂಕ ಇಳಿಯೋದು ಸಹಜ, ಸುಮಾರು ಎರಡು ವಾರದಾಗ ಹುಟ್ಟಿದಾಗಿನ ತೂಕ ತಿರುಗಿ ಬರ್ತೈತಿ. 5 ದಿವಸ ಆದ ಮ್ಯಾಲೆ ದಿನಕ್ಕ 6 ಸಲ ಅಥ್ವಾ ಅದಕ್ಕಿಂತ ಜಾಸ್ತಿ ಒಂದಾ ಮಾಡಾಕತ್ತಿದ್ರ, ತೂಕ ಏರಾಕತ್ತಿದ್ರ, ಹಾಲು ಸಾಲಾಕತ್ತಾವು ಅಂತನ ತಿಳ್ಕೋರಿ. ಅನುಮಾನ ಇದ್ರ ತೂಕದ ಮಷಿನ್ ಐತಿ, ಆಶಾ ಕಾರ್ಯಕರ್ತೆ ಅದಾರ. ದವಾಖಾನ್ಯಾಗ ಹೆರಿಗಿ ಆದೋರ ಮನಿಗೆ ಅವರು 3, 7, 14, 21, 28, 42ನೇ ದಿವಸ ಬರ್ಬೇಕು, ಅದು ಅವರ ಕೆಲಸದೊಳಗ ಐತಿ. ಬರಲಿಲ್ಲಂದ್ರ ಫೋನ್ ಮಾಡಿ ಕರೀರಿ.

ನಮ್ಮ ತಮ್ಮನ ಬಗ್ಗೆ ಹೇಳ್ಲಿಲ್ಲಂದ್ರ ಈ ವಿಡಿಯೋ ಅರ್ಧ ಆಗ್ತೈತಿ. ಸರ್ಕಾರಿ ನೌಕರಿ ಇದ್ದ ಗಂಡಸರಿಗೆ 15 ದಿವಸ ಪಿತೃತ್ವ ರಜಾ ಐತಿ, ಪ್ರೈವೇಟ್‌ನಾಗ ಇರೋರಿಗೆ ಕಂಪನಿ ಕೊಟ್ರ ಉಂಟು. ಅಂವಂದು ಪ್ರೈವೇಟ್. ಸಿಕ್ಕಷ್ಟು ರಜಾ ತಗೊಂಡ, ಆಮ್ಯಾಲೆ ಡ್ಯೂಟಿಗೆ ಹೋಗ್ಬೇಕಾತು. ಆದ್ರೂ ರಾತ್ರಿ ಕೂಸು ಎದ್ದಾಗ ಅಂವ ಏಳ್ತಾನ, ಒದ್ದಿ ಬಟ್ಟಿ ಬದಲಿ ಮಾಡಿ ಕೂಸಿನ್ನ ಆಕಿ ಮಗ್ಗಲಿಗೆ ತಂದ್ ಕೊಡ್ತಾನ, ಕುಡದಾದ ಮ್ಯಾಲೆ ತೇಗು ತರಸೋದೂ ಅಂವಂದ, ಆಕಿ ಹಾಲು ಕುಡಸಿ ಹಂಗ ಮಲಗಬೇಕು. ನಮ್ಮವ್ವಗ ಮೊದಲಿಗೆ ಇದು ಸೇರಲಿಲ್ಲ, "ಗಂಡಸು ಬಾಣಂತಿ ಖೋಲ್ಯಾಗ ಏನ್ ಮಾಡ್ತಾನವಾ" ಅಂದ್ಲು. ಈಗ ಅಕೀನ "ಸಣ್ಣಾಂವ ರಾತ್ರಿಯೆಲ್ಲಾ ನಿದ್ದಿಗೆಟ್ಟಾನ, ಅಂವಗೂ ಒಂದು ಉಂಡಿ ಕೊಡು" ಅಂತಾಳ. ಅಪ್ಪ ಆದಾಂವನೂ ಸೋತಿರ್ತಾನ್ರಿ, ಅಂವನ ದೋಸ್ತರು ಪಾರ್ಟಿ ಕೇಳೋದು ಆಮ್ಯಾಲಿಟ್ಟು ಒಂದ್ಸಲ ಸಂತಿ ಮಾಡ್ಕೊಂಡು ಬಂದು ಕೊಟ್ರ ಎಷ್ಟೋ ಉಪಕಾರ.

ಅಳು ಅಂದೆ ಅಲಾ, ಅದನ್ನ ಬಿಡಿಸಿ ಹೇಳ್ತೀನಿ. ಹೆರಿಗಿ ಆದ ಮ್ಯಾಲೆ ಹಾರ್ಮೋನ್ ಒಮ್ಮೆಲೇ ಇಳೀತಾವು, ಕಾರಣ ಇಲ್ಲದನ ಅಳು, ಸಿಟ್ಟು, ಗಾಬರಿ ಬರ್ತಾವು, ಹೆಚ್ಚಿನೋರಿಗೆ ಎರಡು ವಾರದೊಳಗ ತಾನಾಗೇ ಕಡಿಮಿ ಆಗ್ತೈತಿ. ಎರಡು ವಾರ ದಾಟಿದ್ರೂ ಹಂಗ ಇತ್ತು, ಕೂಸು ಮಲಗಿದ್ರೂ ಆಕಿಗೆ ನಿದ್ದಿ ಬರವಲ್ದು, ಊಟ ಸೇರವಲ್ದು, ಕೂಸಿನ್ನ ನೋಡಾಕ ಮನಸಾಗವಲ್ದು ಅಂದ್ರ ಅದು ಬ್ಯಾನಿ, ಅದಕ್ಕ ಔಷಧ ಐತಿ. ಗಾಳಿ, ದೃಷ್ಟಿ ಅಂತ ಅಂತ್ರ ಕಟ್ಟಿಸ್ಕೋತ ದಿನಾ ಕಳೀಬ್ಯಾಡ್ರಿ. ನಮ್ಮ ಧಾರವಾಡದಾಗ ಡಿಮ್ಹಾನ್ಸ್ ಅಂತ ಮಾನಸಿಕ ಆರೋಗ್ಯದ ಸರ್ಕಾರಿ ದವಾಖಾನಿ ಐತಿ, ಮನಿಯಿಂದನ ಮಾತಾಡ್ಬೇಕಂದ್ರ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚಬಹುದು, ಕನ್ನಡದಾಗ ಮಾತಾಡ್ತಾರ, ರೊಕ್ಕಿಲ್ಲ. "ನಂಗೂ ಕೂಸಿಗೂ ಏನರ ಮಾಡ್ಕೊಂಬಿಡ್ತೀನಿ" ಅನ್ನೋ ಮಾತು ಬಾಯಾಗ ಬಂದ್ರ ಒಬ್ಬಾಕಿನ್ನ ಬಿಡಬ್ಯಾಡ್ರಿ, ಅವತ್ತ ಕರ್ಕೊಂಡು ಹೋಗ್ರಿ.

ಇನ್ನೊಂದಿಷ್ಟು ಅಪಾಯದ ಲಕ್ಷಣ ಗ್ವಾಡಿಗೆ ಬರದು ಹಚ್ಚೀನಿ, ಸ್ಕ್ರೀನ್‌ಶಾಟ್ ತಗೋರಿ. ಒಂದು ತಾಸಿನಾಗ ಒಂದು ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತ, ಜ್ವರ, ಕೆಟ್ಟ ವಾಸನಿ, ತಡೀಲಾರದ ತಲಿನೋವು ಬಂದು ಕಣ್ಣು ಮಂಜಾಗೋದು, ಒಂದ ಕಾಲು ಬಾತು ನೋಯೋದು, ಇವು ತಾಯಿಗೆ. ಕೂಸಿಗೆ ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ರ, ಹಾಲು ಕುಡಿಯೋದು ಬಿಟ್ರ, ಉಸಿರಾಡೂ ಮುಂದ ಎದಿ ಒಳಗ ಹೋಗಾಕತ್ರ, ಅಂಗೈ ಅಂಗಾಲು ಹಳದಿ ಆದ್ರ. ಮುಂಜಾನೆತನಕ ಕಾಯಬ್ಯಾಡ್ರಿ, 108 ಐತಿ.

ಮುಂದಿನ ವಾರ ಕೂಸಿಗೆ 6 ವಾರದ ಲಸಿಕಿ. ಆ ತಾರೀಕು ಎಲ್ಲಾರಿಗೂ ನೆನಪೈತಿ, ಕ್ಯಾಲೆಂಡರ್ ಮ್ಯಾಲೆ ಕೆಂಪು ಪೆನ್ನಲೇ ಗುರ್ತು ಹಾಕ್ಯಾರ. ಅದ ಹೊತ್ತಿಗೆ ತಾಯಿಗೂ ಚೆಕಪ್ ಇರ್ತೈತಿ, ಬಿ.ಪಿ., ರಕ್ತ, ಹೊಲಿಗಿ ನೋಡ್ಬೇಕು, ಐರನ್ ಗುಳಿಗಿ 6 ತಿಂಗಳತನಕ ತಗೋಬೇಕು, ಇದನ್ನ ಮಾತ್ರ ಯಾರೂ ಬರದಿರಲಿಲ್ಲ. ನಾನ ಅದರ ಬಾಜೂಕ ಆಕಿ ಹೆಸರೂ ಬರದೀನಿ. ಅವತ್ತ ದವಾಖಾನ್ಯಾಗ ಕೂಸಿನ್ನ ಅವರಪ್ಪ ಹಿಡ್ಕೋತಾನ, ನಾ ಆಕಿ ಜೋಡಿ ಡಾಕ್ಟರ್ ಖೋಲಿಗೆ ಹೋಗ್ತೀನಿ.