ನೀಲಿ ಮಣಿಗಳ ಆರೈಕೆ

ಕೇಳುಗರಿಗೆ ನಮಸ್ಕಾರ. ಪ್ರೋಟೀನ್ ಶುದ್ಧ ಮಾಡಿ ಮುಗಿದ ಸಂಜೆ. ಬೇಕಾದ್ದು ಟ್ಯೂಬಿಗೆ ಬಂದಾಯಿತು, ಗ್ಲೌಸ್ ಕಳಚುವ ಆತುರ. ಪ್ರೋಟೀನ್ ಹಾಯಿಸಿದ ಕೊಳವೆ, ಅಂದರೆ ಕಾಲಮ್, ಮಾತ್ರ ಸ್ಟ್ಯಾಂಡಿನಲ್ಲಿ ಹಾಗೇ ನಿಂತಿದೆ. ನಾಳೆ ನೋಡಿಕೊಂಡರಾಯಿತು ಅಂತೀವಿ, ಅಲ್ವಾ? ಅದರೊಳಗೆ ತುಂಬಿದ ಮಣಿಗಳು, ಅಂದರೆ ರೆಸಿನ್, ಹಾಳಾಗುವುದು ಅಲ್ಲಿಂದಲೇ.

ನಾನು ಹೇಳುತ್ತಿರುವುದು ನಿಕಲ್-ಎನ್‌ಟಿಎ ರೆಸಿನ್ ಬಗ್ಗೆ. ಅಗರೋಸ್ ಎಂಬ ಜೆಲ್ಲಿನ ಪುಟ್ಟ ಮಣಿಗಳು, ಅವುಗಳ ಮೇಲೆ ಎನ್‌ಟಿಎ ಎಂಬ ಕೊಂಡಿ ಹಿಡಿದಿಟ್ಟ ನಿಕಲ್. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಬಾಲವಿರುವ ಪ್ರೋಟೀನನ್ನು ನಿಕಲ್ ಹಿಡಿದುಕೊಳ್ಳುತ್ತದೆ, ಹಿಸ್ಟಿಡಿನ್ನನ್ನೇ ಹೋಲುವ ಇಮಿಡಜೋಲ್ ಬಂದರೆ ಬಿಟ್ಟುಕೊಡುತ್ತದೆ. ತನಗೇನಾಗಿದೆ ಅಂತ ಈ ರೆಸಿನ್ ಬಣ್ಣದಲ್ಲೇ ಹೇಳುತ್ತದೆ. ತಿಳಿನೀಲಿ ಇದ್ದರೆ ಕ್ಷೇಮ. ಬೆಳ್ಳಗಾಗಿದ್ದರೆ ನಿಕಲ್ ಕಳಚಿದೆ. ಬಫರಿನಲ್ಲಿ, ಅಂದರೆ ಪಿಎಚ್ ಕಾಯುವ ದ್ರಾವಣದಲ್ಲಿ, ಲೋಹ ಕಸಿಯುವ ಇಡಿಟಿಎ ಸೇರಿತ್ತಾ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಡಿಟಿಟಿ ಎಂಬ ಅಪಕರ್ಷಕದ ಮೇಲೆ ಅನುಮಾನ ಪಡಿ.

ಪ್ರತಿ ಸಲವೂ ನಿಕಲ್ ತೆಗೆದು ಹೊಸದು ತುಂಬಬೇಕಿಲ್ಲ. ಅದೇ ಪ್ರೋಟೀನ್ ಆದರೆ ಇಮಿಡಜೋಲ್ ಹೋಗುವಂತೆ ಚೆನ್ನಾಗಿ ತೊಳೆದರೆ ಸಾಕು. ಪ್ರೋಟೀನ್ ಬೇರೆಯಾದರೆ ನಾನಂತೂ ಬೇರೆ ಕಾಲಮ್ಮೇ ಬಳಸುತ್ತೇನೆ. ಬಣ್ಣ ಕೆಟ್ಟಾಗ, ಹರಿವು ನಿಧಾನವಾದಾಗ ಮಾತ್ರ ಪೂರ್ತಿ ಕೆಲಸ. ಮೊದಲು 100 ಮಿಲಿಮೋಲಾರ್ ಇಡಿಟಿಎ ಹಾಯಿಸಿ. ನೀಲಿ ಕೆಳಗಿಳಿದು ಹೋಗುವುದು ಕಣ್ಣಿಗೇ ಕಾಣುತ್ತದೆ. ನೀರು ಹಾಯಿಸಿ, 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 30 ನಿಮಿಷ ಬಿಡಿ. ಅಂಟಿಕೊಂಡ ಪ್ರೋಟೀನು, ಜಿಡ್ಡು ಬಿಡುತ್ತವೆ. ಮತ್ತೆ ನೀರು, ಇಲ್ಲಿ ಜಾಸ್ತಿಯೇ ಬೇಕು. ಇಡಿಟಿಎ ಉಳಿದರೆ ಹೊಸ ನಿಕಲನ್ನೂ ಕಸಿಯುತ್ತದೆ, ಕ್ಷಾರ ಉಳಿದರೆ ನಿಕಲ್ ಗಷ್ಟಾಗಿ ಕೂರುತ್ತದೆ. ಕೊನೆಗೆ 100 ಮಿಲಿಮೋಲಾರ್ ನಿಕಲ್ ಸಲ್ಫೇಟ್. ನೀಲಿ ಮರಳಿ ಬರುತ್ತದೆ. ಆ ನಿಕಲ್ ನೀರನ್ನು ಸಿಂಕಿಗೆ ಸುರಿಯಬೇಡಿ, ಅದಕ್ಕೆ ಬೇರೆ ಕ್ಯಾನ್ ಇಡಿ.

ಪ್ರತಿಕಾಯಗಳನ್ನು ಹಿಡಿಯುವ ಪ್ರೋಟೀನ್-ಎ ರೆಸಿನ್‌ಗೆ ಈ ಕ್ಷಾರದ ಸ್ನಾನ ಆಗಿಬರುವುದಿಲ್ಲ. ಅಲ್ಲಿ ಮಣಿಯ ಮೇಲಿರುವುದೇ ಒಂದು ಪ್ರೋಟೀನ್. ಕ್ಷಾರ ತಡೆಯುವಂತೆ ಮಾಡಿದ ಬಗೆಗಳನ್ನು ಬಿಟ್ಟರೆ, ಕೊಳೆಯ ಜೊತೆ ಅದೂ ಹಾಳಾಗುತ್ತದೆ. ಅದಕ್ಕೆ ಪಿಎಚ್ 2.5ರ ಗ್ಲೈಸಿನ್ ಸಾಕು, ತಕ್ಷಣ ಬಫರ್ ಹಾಕಿ ಹುಳಿ ತೆಗೆಯಿರಿ.

ಇನ್ನು ಎತ್ತಿಡುವುದು. ಶೇಕಡ 20 ಎಥನಾಲ್‌ನಲ್ಲಿ ಮುಳುಗಿಸಿ, 2ರಿಂದ 8 ಡಿಗ್ರಿಯಲ್ಲಿ ಇಡಿ. ಮೊದಲು ನೀರಿನಿಂದ ಉಪ್ಪು ತೊಳೆಯಿರಿ, ಇಲ್ಲದಿದ್ದರೆ ಎಥನಾಲ್ ಸೇರಿದಾಗ ಉಪ್ಪು ಹರಳುಗಟ್ಟಬಹುದು. ಎಥನಾಲ್ ಬೆರೆತ ನೀರು ಮಂದ; ಪಂಪಿನ ವೇಗ ತಗ್ಗಿಸಿ. ಮಣಿ ಒಣಗಲು ಬಿಡಬೇಡಿ. ಫ್ರೀಜರಿಗಂತೂ ಬೇಡವೇ ಬೇಡ. ನಾನೊಮ್ಮೆ ಅವಸರದಲ್ಲಿ ಬಾಟಲಿಯನ್ನು ಮೇಲಿನ ಅರೆಗೆ, ಮೈನಸ್ 20ಕ್ಕೆ, ತಳ್ಳಿ ಹೋಗಿದ್ದೆ. ಕರಗಿಸಿ ನೋಡಿದರೆ ಅದೇ ಚೆಂದದ ನೀಲಿ. ಕಾಲಮ್‌ಗೆ ಸುರಿದಾಗ ಗೊತ್ತಾಯಿತು: ಮಣಿಗಳು ಒಡೆದು ಪುಡಿಯಾಗಿದ್ದವು, ಒಂದು ಹನಿಯೂ ಕೆಳಗಿಳಿಯಲಿಲ್ಲ. ಆ ಸಂಗತಿಯನ್ನು ಬಣ್ಣ ಹೇಳಲಿಲ್ಲ.