ಒಂದೇ ಅಚ್ಚಿನ ದೋಣಿ, ಒಂದು ತುಂಡು ಸ್ಯಾಂಡ್‌ಪೇಪರ್

ನಮಸ್ಕಾರ. ಕಲಬುರಗಿಯ ಅಪ್ಪನ ಕೆರೆಯ ದಂಡೆಯಿಂದ ಈ ಸಂಚಿಕೆ. ಪರದೆಯ ಮೇಲೆ ಅಕ್ಕಪಕ್ಕ ನಿಂತಿರುವ ಎರಡು ರೇಡಿಯೊ ಹಾಯಿದೋಣಿಗಳು, ಅಂದರೆ ದಂಡೆಯಿಂದಲೇ ರಿಮೋಟ್ ಹಿಡಿದು ಓಡಿಸುವ ಪುಟ್ಟ ಮಾದರಿ ದೋಣಿಗಳು, ಒಂದೇ ಅಚ್ಚಿನಲ್ಲಿ ತಯಾರಾದವು. ಹಾಯಿ, ಅದನ್ನು ಹೊರುವ ಕಂಬವಾದ ಮಾಸ್ಟ್, ಚುಕ್ಕಾಣಿಯನ್ನೂ ಹಗ್ಗವನ್ನೂ ಆಡಿಸುವ ಒಳಗಿನ ಪುಟ್ಟ ಮೋಟಾರಾದ ಸರ್ವೊ ಎಲ್ಲವೂ ಒಂದೇ. ಈಗ ಕ್ಯಾಮೆರಾವನ್ನು ಫಿನ್ ಹತ್ತಿರ ತರುತ್ತೇನೆ. ದೋಣಿಯ ತಳದಿಂದ ನೀರಿನೊಳಕ್ಕೆ ಇಳಿದು, ತುದಿಯಲ್ಲಿ ಭಾರದ ಗುಂಡನ್ನು ಹೊತ್ತಿರುವ ಈ ತೆಳು ಹಲಗೆಯೇ ಫಿನ್. ಎಡಗಡೆಯದರ ಮುಂದಿನ ಅಂಚಿನಲ್ಲಿ ಬೆರಳಾಡಿಸಿದರೆ ಅಚ್ಚಿನ ಗೆರೆ ತಾಕುತ್ತದೆ. ಬಲಗಡೆಯದರಲ್ಲಿ ಆ ಗೆರೆ ಇಲ್ಲ, ಏಕೆಂದರೆ ಅದನ್ನು ಯಾರೋ ನೀರು ಹಾಕಿ ನಯವಾದ ಸ್ಯಾಂಡ್‌ಪೇಪರಿನಿಂದ ತಾಳ್ಮೆಯಿಂದ ಉಜ್ಜಿದ್ದಾರೆ.

ಉಜ್ಜಿದವನು ನಮ್ಮ ಗುಂಪಿನ ಅತ್ಯಂತ ಕಿರಿಯ. ಕೆಲಸ ಬಹಳ ಅಚ್ಚುಕಟ್ಟಾಗಿತ್ತು, ಅದನ್ನು ಒಪ್ಪಲೇಬೇಕು. ಇದು ನಡೆಯುವುದಿಲ್ಲ ಎಂದಾಗ ಅವನು ಕೇಳಿದ ಪ್ರಶ್ನೆ ಸಹಜವಾದದ್ದೇ: “ಬ್ಯಾಡ ಅಂತ ಎಲ್ಲಿ ಬರ್ದಾರ್ರಿ ಅಣ್ಣಾ?” ಗುಂಪಿನ ಹಿರಿಯರೊಬ್ಬರು ನಿಯಮಗಳ ಹಾಳೆಯನ್ನು ಅವನ ಕೈಗೆ ಕೊಟ್ಟು, “ಮಾಡ್ಬಹುದು ಅಂತ ಎಲ್ಲಿ ಬರ್ದದ, ತೋರ್ಸು ತಮ್ಮಾ” ಎಂದರು.

ಎಲ್ಲರೂ ಒಂದೇ ವಿನ್ಯಾಸದ ದೋಣಿ ಓಡಿಸುವ ಪಂದ್ಯಕ್ಕೆ ಒನ್-ಡಿಸೈನ್ ಎನ್ನುತ್ತಾರೆ. ಅಂತಹ ಪಂದ್ಯದ ಸಲಕರಣೆ ನಿಯಮಗಳೆಲ್ಲ ಈ ಎರಡು ಮಾತುಗಳ ನಡುವಿನ ಅಂತರದಲ್ಲಿ ನಿಂತಿವೆ. ಹಾಯಿದೋಣಿ ಕ್ರೀಡೆಯ ಜಾಗತಿಕ ಸಂಸ್ಥೆಯಾದ ವರ್ಲ್ಡ್ ಸೇಲಿಂಗ್ ಪ್ರಕಟಿಸುವ ಸಲಕರಣೆ ನಿಯಮಗಳು ದೋಣಿ ವರ್ಗಗಳ ನಿಯಮಾವಳಿಯನ್ನು ಎರಡು ಬಗೆಯಾಗಿ ನೋಡುತ್ತವೆ. ತೆರೆದ ನಿಯಮಾವಳಿಯಲ್ಲಿ ನಿಷೇಧಿಸದೆ ಇರುವುದೆಲ್ಲಕ್ಕೂ ಅವಕಾಶ ಉಂಟು. ಮುಚ್ಚಿದ ನಿಯಮಾವಳಿಯಲ್ಲಿ ಅನುಮತಿ ಎಂದು ಬರೆಯದೆ ಇರುವುದೆಲ್ಲವೂ ನಿಷಿದ್ಧ. ನಮ್ಮ ಗುಂಪು ಮುಚ್ಚಿದ ನಿಯಮಾವಳಿಯನ್ನೇ ಪಾಲಿಸುತ್ತದೆ. 950 ಮಿಲಿಮೀಟರ್ ಉದ್ದದ ಡ್ರ್ಯಾಗನ್‌ಫ್ಲೈಟ್ 95ರಂತಹ ಜನಪ್ರಿಯ ವರ್ಗಗಳ ದಾರಿಯೂ ಇದೇ. ಇಲ್ಲಿ ಹಾಳೆಯ ಮೌನವನ್ನು ಒಪ್ಪಿಗೆ ಎಂದು ಓದುವಂತಿಲ್ಲ.

ಒಂದು ಗೆರೆ ಉಜ್ಜಿದರೆ ಏನು ಮಹಾ ಲಾಭ ಎಂದು ಕೇಳುವವರಿಗೆ ಲೆಕ್ಕ ಹೇಳುತ್ತೇನೆ. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಒಂದು ಮಿತಿಯನ್ನು ಹಾಕುತ್ತದೆ. ಒಂದು ಮೀಟರಿನ ಆಸುಪಾಸಿನ ದೋಣಿಗೆ ಅದು ಸೆಕೆಂಡಿಗೆ ಸುಮಾರು 1.2 ಮೀಟರ್, ಅಂದರೆ ಮನುಷ್ಯ ಆರಾಮವಾಗಿ ನಡೆಯುವ ವೇಗಕ್ಕಿಂತ ಹೆಚ್ಚೇನಲ್ಲ. ಜೋರು ಗಾಳಿಯಲ್ಲಿ ಎಲ್ಲ ದೋಣಿಗಳೂ ಈ ಮಿತಿಯ ಹತ್ತಿರ ಬಂದು ನಿಲ್ಲುವುದರಿಂದ ಉಜ್ಜಿದ ಫಿನ್‌ಗೂ ಉಜ್ಜದ ಫಿನ್‌ಗೂ ಅಂತರ ಕಡಿಮೆ. ಆದರೆ ಮೆಲುಗಾಳಿಯಲ್ಲಿ ಅಲೆಯ ತಡೆ ತೀರಾ ಸಣ್ಣದಾಗಿ, ನೀರು ಮೈಗೆ ಉಜ್ಜುವ ಘರ್ಷಣೆಯೇ ಮುಖ್ಯ ತಡೆಯಾಗುತ್ತದೆ. ದಂಡೆಯ ಮರಗಳು ಗಾಳಿಯನ್ನು ತುಂಡು ತುಂಡಾಗಿಸುವ ಇಂತಹ ಕೆರೆಯಲ್ಲಿ ಮೆಲುಗಾಳಿಯ ಗಳಿಗೆಗಳೇ ಹೆಚ್ಚು. ಒಂದು ಸುತ್ತಿನಲ್ಲಿ ಒಂದು ದೋಣಿಯುದ್ದದ ಮುನ್ನಡೆ ಸಿಕ್ಕರೂ ತಿರುವನ್ನು ಗುರುತಿಸಲು ತೇಲಿಬಿಟ್ಟ ಬೋಯ್ ಬಳಿ ಒಳಗಿನ ಜಾಗ ಯಾರಿಗೆ ಎಂಬುದನ್ನು ಅದು ನಿರ್ಧರಿಸಿಬಿಡುತ್ತದೆ.

ಇದಕ್ಕಿಂತ ಮುಖ್ಯವಾದ ಕಾರಣವೊಂದಿದೆ. ಒಬ್ಬ ಉಜ್ಜಿದರೆ ಮರುವಾರ ಎಲ್ಲರೂ ಉಜ್ಜಬೇಕು. ಆಮೇಲೆ ಯಾರೋ ದೋಣಿಯ ಒಡಲಿನ ಒಳಭಾಗವನ್ನು ಕೆರೆದು ಹಗುರ ಮಾಡುತ್ತಾರೆ, ಇನ್ಯಾರೋ ಉಳಿದ ಗ್ರಾಂಗಳನ್ನು ಫಿನ್ ತುದಿಯ ಭಾರದ ಗುಂಡಿಗೆ ಸೇರಿಸುತ್ತಾರೆ. ಒಟ್ಟು ತೂಕ ಅಷ್ಟೇ ಇದ್ದರೂ ಭಾರ ಕೆಳಗಿಳಿದಷ್ಟೂ ದೋಣಿ ಗಾಳಿಗೆ ಕಡಿಮೆ ವಾಲಿ, ಹಾಯಿಯ ಬಲವನ್ನು ಪೂರ್ತಿಯಾಗಿ ಬಳಸಿಕೊಳ್ಳುತ್ತದೆ. ಹೀಗೆ ಶುರುವಾದ ಪೈಪೋಟಿಯಲ್ಲಿ ಗೆಲ್ಲುವುದು ಬಿಡುವು ಮತ್ತು ಹಣ. ದೋಣಿಗಳು ಬೆರಳೆಣಿಕೆಯಷ್ಟಿರುವ ನಮ್ಮಂತಹ ಊರಿನಲ್ಲಿ ಇಬ್ಬರು ಬೇಸತ್ತು ಬಿಟ್ಟರೆ ಪಂದ್ಯವೇ ನಿಂತುಹೋಗುತ್ತದೆ. ಆದ್ದರಿಂದ ಚಿಕ್ಕ ಗುಂಪಿಗೆ ಸಡಿಲ ನಿಯಮ ಸಾಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಗುಂಪು ಚಿಕ್ಕದಾದಷ್ಟೂ ನಿಯಮ ಬಿಗಿಯಾಗಿರಬೇಕು. ಹುಡುಗ ಹೊಸ ಫಿನ್ ತರಿಸಿಕೊಂಡ. ಹಳೆಯದು ಅವನ ಅಭ್ಯಾಸಕ್ಕೆ ಉಳಿದಿದೆ.

ಈ ಆಲೋಚನೆ ಹೊಸದಲ್ಲ. 1887ರಲ್ಲಿ ಡಬ್ಲಿನ್ ಬಳಿ ಹುಟ್ಟಿದ ವಾಟರ್ ವ್ಯಾಗ್ ಎಂಬ ದೋಣಿ ವರ್ಗವನ್ನು ಮೊದಲ ಒನ್-ಡಿಸೈನ್ ವರ್ಗವೆಂದು ಗುರುತಿಸುತ್ತಾರೆ. ಇಂದು ಜಗತ್ತಿನಾದ್ಯಂತ ಹರಡಿರುವ ಉದಾಹರಣೆ ಎಂದರೆ ಬ್ರೂಸ್ ಕರ್ಬಿ ರೂಪಿಸಿದ ಲೇಸರ್ ಎಂಬ ಹಾಯಿದೋಣಿ, ಅಂದರೆ ಈಗಿನ ಐಎಲ್‌ಸಿಎ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಅದು ಒಲಿಂಪಿಕ್ ದೋಣಿ. ನಮಗೆ ಹತ್ತಿರದಲ್ಲಿ ಇದನ್ನು ನೋಡಬೇಕೆಂದರೆ ಹೈದರಾಬಾದಿನ ಹುಸೇನ್ ಸಾಗರಕ್ಕೆ ಹೋಗಬೇಕು. ಸ್ಪಷ್ಟ ಅನುಮತಿ ಇಲ್ಲದೆ ದೋಣಿಗೆ ಏನನ್ನೂ ಸೇರಿಸಬಾರದು, ಏನನ್ನೂ ಬದಲಿಸಬಾರದು ಎಂಬುದು ಆ ವರ್ಗದ ಮೂಲ ನಿಯಮ. ಹಾಗೆಂದು ಅದು ಕಲ್ಲಿನಲ್ಲಿ ಕೊರೆದ ಶಾಸನವಲ್ಲ. ಅಲ್ಯೂಮಿನಿಯಂ ಮಾಸ್ಟಿನ ಮೇಲಿನ ತುಂಡು ಬಾಗಿ ಹಾಗೇ ಉಳಿದುಬಿಡುತ್ತಿತ್ತು, ನಾವಿಕರು ಮತ್ತೆ ಮತ್ತೆ ಹೊಸದನ್ನು ಕೊಳ್ಳಬೇಕಾಗುತ್ತಿತ್ತು. ಕೊನೆಗೆ ವರ್ಗವೇ ನಾರು ಮತ್ತು ರಾಳ ಸೇರಿಸಿ ಮಾಡಿದ ಕಾಂಪೊಸಿಟ್ ತುಂಡಿಗೆ ಒಪ್ಪಿಗೆ ಕೊಟ್ಟಿತು. ಬದಲಾವಣೆ ಬಂದರೆ ಎಲ್ಲರಿಗೂ ಒಟ್ಟಿಗೆ ಬರಬೇಕೆಂಬುದೇ ಅಲ್ಲಿನ ಪದ್ಧತಿ.

ಕೈಯಾರೆ ಏನಾದರೂ ಮಾಡಲೇಬೇಕೆಂಬ ತುಡಿತ ಇರುವವರಿಗೆ ಬೇರೆ ವರ್ಗವಿದೆ. ಇಂಟರ್‌ನ್ಯಾಷನಲ್ ಒನ್ ಮೀಟರ್ ಹೆಸರಿನಲ್ಲಿ ಒನ್ ಎಂದಿದ್ದರೂ ಅದು ಒನ್-ಡಿಸೈನ್ ಅಲ್ಲ, ಅಳತೆಯ ಚೌಕಟ್ಟು. ಒಡಲಿನ ಉದ್ದ 1000 ಮಿಲಿಮೀಟರ್ ಮೀರಬಾರದು, ನೀರಿನೊಳಗಿನ ಆಳ 420 ಮಿಲಿಮೀಟರ್ ದಾಟಬಾರದು, ಒಟ್ಟು ತೂಕ 4000 ಗ್ರಾಂಗಿಂತ ಕಡಿಮೆಯಾಗಬಾರದು. ಈ ಚೌಕಟ್ಟಿನೊಳಗೆ ಒಡಲಿನ ಆಕಾರ ನಿಮ್ಮ ಕಲ್ಪನೆಗೆ ಬಿಟ್ಟದ್ದು. ಹಗುರವಾಗಿ ಕಟ್ಟಿದವರು ಉಳಿದ ತೂಕವನ್ನು ತುಂಬಲು ದೋಣಿಯೊಳಗೆ ಸರಿದೂಗಿಸುವ ಭಾರವನ್ನು ಅಂಟಿಸಬೇಕು. ಆ ವರ್ಗದಲ್ಲಿ ಸ್ಯಾಂಡ್‌ಪೇಪರ್ ಒಂದು ಕಲೆ. ಆದರೆ ಎರಡನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸಿದರೆ ಅದು ಪಂದ್ಯವಾಗುವುದಿಲ್ಲ.

ಒನ್-ಡಿಸೈನ್‌ನಲ್ಲಿ ಕೈಚಳಕಕ್ಕೆ ಜಾಗವೇ ಇಲ್ಲವೆಂದು ತಿಳಿಯಬೇಡಿ. ಈ ದೃಶ್ಯದಲ್ಲಿ ನನ್ನ ಬೆರಳು ಹಾಯಿಯ ಕೆಳಗಿನ ಅಡ್ಡಕೋಲಾದ ಬೂಮ್‌ಗೂ ಹಾಯಿಯ ಕೆಳಅಂಚಿಗೂ ನಡುವೆ ತೂರುವುದನ್ನು ಗಮನಿಸಿ. ಹಾಯಿಯ ಹಿಂಬದಿಯ ಗಂಟನ್ನು ಅರ್ಧ ಸೆಂಟಿಮೀಟರ್ ಸಡಿಲಿಸಿದರೆ ಹಾಯಿಯ ಹೊಟ್ಟೆ ಆಳವಾಗಿ ಬಲ ಹೆಚ್ಚುತ್ತದೆ, ಎಳೆದರೆ ಚಪ್ಪಟೆಯಾಗುತ್ತದೆ. ಮಾಸ್ಟನ್ನು ಕೂದಲೆಳೆಯಷ್ಟು ಹಿಂದಕ್ಕೆ ವಾಲಿಸಿದರೆ ದೋಣಿ ಗಾಳಿಯ ಕಡೆಗೆ ತಿರುಗಲು ಹವಣಿಸುತ್ತದೆ. ಹಾಯಿಯ ಮೇಲ್ತುದಿ ಎಷ್ಟು ತಿರುಚಿಕೊಳ್ಳಬೇಕೆಂಬುದನ್ನು ಇನ್ನೊಂದು ದಾರ ಹೇಳುತ್ತದೆ. ಆಷಾಢದ ಗಾಳಿಗೆ ದೊಡ್ಡ ಹಾಯಿಜೋಡಿ ಬಿಚ್ಚಿ ಸಣ್ಣದನ್ನು ಏರಿಸುವುದೂ ನಿಯಮದೊಳಗಿನದೇ. ಇವೆಲ್ಲ ನೀರಿಗಿಳಿಯುವ ಮುನ್ನವೇ ಮುಗಿಯಬೇಕು, ಏಕೆಂದರೆ ರೇಡಿಯೊದಲ್ಲಿ ನಮಗಿರುವುದು ಎರಡೇ ಚಾನೆಲ್: ಒಂದು ಚುಕ್ಕಾಣಿಗೆ, ಇನ್ನೊಂದು ಹಾಯಿಗಳ ಹಗ್ಗಕ್ಕೆ. ಫಿನ್ ಉಜ್ಜಲು ವ್ಯಯಿಸಿದ ಸಂಜೆಯನ್ನು ಈ ಮೂರು ದಾರಗಳಿಗೆ ಕೊಟ್ಟಿದ್ದರೆ ಹುಡುಗ ಇನ್ನೂ ಮುಂದೆ ಇರುತ್ತಿದ್ದ ಎಂದು ನನ್ನ ಅಂದಾಜು.

ನಿಜವಾಗಿ ತಲೆನೋವು ತರುವ ಪ್ರಶ್ನೆ ದುರಸ್ತಿಯದು. ಬಿಡಿಭಾಗ ಅಂಗಡಿಯಲ್ಲಿ ಸಿಗುವ ಊರಲ್ಲ ನಮ್ಮದು, ಕೊರಿಯರ್‌ಗೆ ಕಾಯಬೇಕು. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು ನಲವತ್ತು ಡಿಗ್ರಿ ದಾಟುವುದರಿಂದ ಮುಚ್ಚಿದ ಕಾರಿನಲ್ಲಿ ಬಿಟ್ಟ ದೋಣಿಯ ಅಂಟುಪಟ್ಟಿಗಳು ಸಡಿಲವಾಗುತ್ತವೆ, ದೋಣಿಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಫಿನ್ ಕೂರುವ ಗೂಡಿನ ಬಳಿ ಬಿರುಕು ಬಿಡುತ್ತದೆ. ಆಗ ಕೈಗೆ ಸಿಗುವುದು ಅರಾಲ್ಡೈಟ್. ಇಂತಹ ಸಂದರ್ಭಕ್ಕೆ ಐಎಲ್‌ಸಿಎ ನಿಯಮದ ಅಳತೆಗೋಲು ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ: ದುರಸ್ತಿ ಮಾಡಬಹುದು, ಆದರೆ ಮೂಲ ಭಾಗದ ಆಕಾರ, ಗುಣ ಮತ್ತು ಕೆಲಸ ಬದಲಾಗಬಾರದು. ಬಿರುಕಿಗೆ ಅಂಟು ತುಂಬುವುದು ದುರಸ್ತಿ. ಅದೇ ನೆಪದಲ್ಲಿ ಗೂಡಿನ ಸುತ್ತ ಕಾರ್ಬನ್ ಬಟ್ಟೆ ಸುತ್ತಿ ಮೊದಲಿಗಿಂತ ಗಟ್ಟಿಗೊಳಿಸುವುದು ಮಾರ್ಪಾಡು. ಪಂದ್ಯದ ನಿಯಮಗಳೂ ಇಲ್ಲಿ ಕರುಣೆ ತೋರುತ್ತವೆ: ಹಾನಿಯಿಂದಲೋ ಸವೆತದಿಂದಲೋ ಅಳತೆ ತಪ್ಪಿದ್ದು, ಅದರಿಂದ ದೋಣಿಗೆ ವೇಗದ ಲಾಭ ಆಗದಿದ್ದರೆ ದಂಡವಿಲ್ಲ. ಆದರೆ ಸರಿಪಡಿಸಲು ಅವಕಾಶ ಇದ್ದರೆ ಸರಿಪಡಿಸದೆ ಮತ್ತೆ ಇಳಿಯುವಂತಿಲ್ಲ.

ನಮ್ಮ ತಪಾಸಣೆಯ ಮೇಜು ಇದು. ಮಟ್ಟ ನೋಡಿ ಹಾಕಿದ ಶಹಾಬಾದ್ ಫರಸಿ, ಪಕ್ಕದಲ್ಲಿ ಕಿರಾಣಿ ಅಂಗಡಿಯಿಂದ ತಂದ ಎಲೆಕ್ಟ್ರಾನಿಕ್ ಕಾಟಾ. ದುರಸ್ತಿಯಾದ ದೋಣಿಯನ್ನು ತೊಟ್ಟಿಲಲ್ಲಿ ಕೂರಿಸಿ, ಫಿನ್ ನೆಟ್ಟಗಿದೆಯೇ ಎಂದು ಮೂಲೆಮಟ್ಟದಿಂದ ನೋಡಿ, ಒಳಗಿನ ನೀರನ್ನು ಪೂರ್ತಿ ಬಸಿದು ತೂಗುತ್ತೇವೆ. ತೂಕ ಹೆಚ್ಚಿದ್ದರೆ ಯಾರೂ ತಕರಾರು ಮಾಡುವುದಿಲ್ಲ, ಆ ಭಾರ ಅವನೇ ಹೊತ್ತದ್ದು. ಕಡಿಮೆಯಾಗಿದ್ದರೆ ಏನು ತೆಗೆದೆ ಎಂದು ಕೇಳುತ್ತೇವೆ. ದಾರದ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಇನ್ನೂ ಒಮ್ಮತ ಬಂದಿಲ್ಲ: ಹಾಯಿಹಗ್ಗ ಸವೆದರೆ ಪೇಟೆಯ ಮೀನುದಾರ ಹಾಕಬಹುದು ಎನ್ನುವವರು ಕೆಲವರು, ಅದು ಮೂಲಕ್ಕಿಂತ ಜಾರುತ್ತದೆ ಎನ್ನುವವರು ಕೆಲವರು. ನಾನು ಎರಡನೆಯವರ ಪಕ್ಷ. ಈ ಭಾನುವಾರ ಎರಡೂ ದಾರಗಳನ್ನು ಒಂದೇ ದೋಣಿಗೆ ಕಟ್ಟಿ ನೋಡಲಿದ್ದೇವೆ. ಏನಾಯಿತೆಂದು ಮುಂದಿನ ಸಂಚಿಕೆಯಲ್ಲಿ ತೋರಿಸುತ್ತೇನೆ.