ಮನೆ ಕೋಳಿ ತತ್ತಿ ತೊಳೆಯಬೇಕಾ? ಮುಧೋಳದ ನಮ್ಮ ಹಿತ್ತಲಿನಿಂದ

ನಮಸ್ಕಾರ ಎಲ್ಲರಿಗೂ. ಬೆಳಗ್ಗೆ ಆರೂವರೆ. ನಿನ್ನೆ ರಾತ್ರಿಯೆಲ್ಲ ಮಳೆ ಹೊಡೆದಿದೆ, ಹಿತ್ತಲು ಹೇಗಾಗಿದೆ ನೋಡಿ. ಮುಧೋಳ ಕಡೆಯ ಎರಿ ಮಣ್ಣು ಅಂದರೆ ಗೊತ್ತಲ್ವಾ, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿ ಭಾರವಾಗಿ ಕಾಲೇ ಏಳೋದಿಲ್ಲ. ಕೋಳಿಗಳು ಇದೇ ಕೆಸರು ತುಳಿದು, ಇದೇ ಕಾಲಲ್ಲಿ ಬುಟ್ಟಿ ಹತ್ತಿ ತತ್ತಿ ಮೇಲೆ ನಿಲ್ಲುತ್ತವೆ.

ಇವತ್ತು ನಾಲ್ಕು ಸಿಕ್ಕಿವೆ. ಒಟ್ಟು ಏಳು ಕೋಳಿ ನಮ್ಮ ಹತ್ತಿರ, ನಾಲ್ಕು ಜವಾರಿ, ಮೂರು ಗಿರಿರಾಜ. ಈ ತತ್ತಿ ಹತ್ತಿರದಿಂದ ತೋರಿಸುತ್ತೇನೆ ಇರಿ. ಕಾಣುತ್ತಿದೆಯಾ? ಮೂರು ಬೆರಳಿನ ಗುರುತು, ಪೂರ್ತಿ ಕಾಲಿನ ಅಚ್ಚು. ಪಕ್ಕದಲ್ಲಿ ಒಂದು ಪುಕ್ಕ ಅಂಟಿದೆ. ಇದು ಚುಕ್ಕಿಯ ತತ್ತಿ, ಇನ್ನೂ ಬೆಚ್ಚಗಿದೆ.

ಇದನ್ನು ತೊಳೆಯಬೇಕಾ ಬೇಡವಾ ಅಂತ ತುಂಬ ಜನ ಕೇಳಿದ್ದೀರಿ. ನನ್ನ ಉತ್ತರ ಒಂದೇ. ಬೇಡ. ತೊಳೆದು ಎತ್ತಿಡಲೇಬೇಡಿ. ಹೋದ ವರ್ಷದ ಶ್ರಾವಣ ಆದಮೇಲೆ ಈ ಮಾತು ಹೇಳೋಕೆ ನನಗೆ ಯಾವ ಹಿಂಜರಿಕೆಯೂ ಇಲ್ಲ.

ಏನಾಯಿತು ಅಂದರೆ, ಶ್ರಾವಣ ಬಂತು ಅಂದರೆ ನಮ್ಮ ಮನೆಯಲ್ಲಿ ತತ್ತಿ, ಮಾಂಸ ಎಲ್ಲ ಬಂದ್. ಓಣಿಯಲ್ಲೂ ಮುಕ್ಕಾಲು ಪಾಲು ಮನೆ ಹಾಗೇ. ಆದರೆ ಕೋಳಿಗೆ ಶ್ರಾವಣ ಇಲ್ಲ ಅಲ್ವಾ, ಅದು ಇಡುತ್ತಲೇ ಇರುತ್ತದೆ. ಹದಿಮೂರು ದಿನಕ್ಕೆ 50 ತತ್ತಿ ಸೇರಿದವು. ಫ್ರಿಜ್‌ನಲ್ಲಿ ಜಾಗ ಇರಲಿಲ್ಲ, ಹಬ್ಬದ ತರಕಾರಿ, ಹಾಲು, ಮೊಸರು. ದಿನಾ ಎತ್ತಿಕೊಂಡು ಬಂದು ನಳದ ನೀರಿನ ಬಕೆಟ್‌ನಲ್ಲಿ ಹಾಕಿ, ಅರ್ಧ ತಾಸು ನೆನೆಸಿ, ಪಾತ್ರೆ ತಿಕ್ಕುವ ಸೋಪು ಹಚ್ಚಿ ಉಜ್ಜಿ, ಬಿಳುಪಾಗಿ ಹೊಳೆಯುವ ಹಾಗೆ ಮಾಡಿ ಬುಟ್ಟಿಯಲ್ಲಿ ಜೋಡಿಸುತ್ತಿದ್ದೆ. ಅವ್ವ ದಿನಾ ಹೇಳುತ್ತಿದ್ದಳು, "ತೊಳೀಬ್ಯಾಡ, ಕೆಡ್ತಾವ." ಯಾಕೆ ಕೆಡುತ್ತವೆ ಅಂದರೆ ಅವಳಿಗೆ ಹೇಳೋಕೆ ಬರುತ್ತಿರಲಿಲ್ಲ. ಅವಳ ಅವ್ವ ತೊಳೆಯುತ್ತಿರಲಿಲ್ಲ, ಇವಳೂ ತೊಳೆಯುತ್ತಿರಲಿಲ್ಲ, ಅಷ್ಟೇ.

ಶ್ರಾವಣ ಹಿಡಿಯದ ಒಂದು ಮನೆಯವರು 12 ತತ್ತಿ ಕೇಳಿದರು. ಒಂದಕ್ಕೆ 15 ರೂಪಾಯಿ, 180 ಕೊಟ್ಟು ಒಯ್ದರು. ಕೊಡುವ ಮುಂಚೆ ನೀರಲ್ಲಿ ಬಿಟ್ಟು ನೋಡಿದ್ದೆ. ಎಲ್ಲವೂ ತಳ ಹಿಡಿದವು. ತಾಜಾ ಇವೆ ಅಂತ ಧೈರ್ಯವಾಗಿ ಹೇಳಿ ಕೊಟ್ಟೆ. ಮರುದಿನ ಬೆಳಗ್ಗೆ ಅವರು ಬಾಗಿಲಲ್ಲಿ. ಮೊದಲನೇ ತತ್ತಿ ಒಡೆದಾಗ ಲೋಳೆ ಹಸಿರು ನೀರಿನ ಹಾಗೆ ಸುರಿದು, ಅಡುಗೆಮನೆಯಲ್ಲಿ ನಿಲ್ಲೋಕೆ ಆಗಲಿಲ್ಲವಂತೆ. ಮಕ್ಕಳಿಗೆ ಅಂತ ಒಯ್ದಿದ್ದರು. ಬೈಯಲಿಲ್ಲ ಅವರು, ಮೆಲ್ಲಗೇ ಹೇಳಿದರು. ಅದೇ ಜಾಸ್ತಿ ನೋವಾಯಿತು. 180 ರೂಪಾಯಿ ಕೈಗಿಟ್ಟು ಒಳಗೆ ಬಂದು ಬುಟ್ಟಿ ನೋಡಿದೆ. ಒಂದು ಒಡೆದೆ, ಕೆಟ್ಟಿತ್ತು. ಇನ್ನೊಂದು ಚೆನ್ನಾಗಿತ್ತು. ಮೂರನೆಯದು ಕೆಟ್ಟಿತ್ತು. ಯಾವುದನ್ನು ನಂಬೋದು? 38 ತತ್ತಿಯನ್ನೂ ಲಿಂಬಿ ಗಿಡದ ಬುಡದಲ್ಲಿ ಹೂತೆ. 570 ರೂಪಾಯಿ ಅದೇ ಆಯಿತು. ದುಡ್ಡು ಬಿಡಿ, ಒಂದು ಹೇಟೆ ಒಂದು ತತ್ತಿ ಕಟ್ಟೋಕೆ ಸುಮಾರು 25 ತಾಸು ಬೇಕು. ಅಷ್ಟು ಕೆಲಸವನ್ನ ಮಣ್ಣಿಗೆ ಹಾಕಿದೆ.

ಆ ರಾತ್ರಿ ಓಣಿಯ ಒಂದು ಮುಧೋಳ ನಾಯಿ ಬಂದು ಪೂರ್ತಿ ಕೆದರಿ ಹಾಕಿತು. ಓಟಕ್ಕೆ ಹೆಸರಾದ ನಾಯಿ ಇಷ್ಟು ಚೆನ್ನಾಗಿ ಅಗೆಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ತೆಳ್ಳನೆ ಕಾಲು, ಆದರೆ ಮೊಳಕಾಲುದ್ದ ಗುಂಡಿ. ಮುಧೋಳ ನಾಯಿಗಳದ್ದೇ ಒಂದು ವಿಡಿಯೋ ಮಾಡಬೇಕು ಅಂತಿದ್ದೇನೆ, ತಿಮ್ಮಾಪುರದಲ್ಲಿ ಅವುಗಳ ಸಂಶೋಧನಾ ಕೇಂದ್ರವೇ ಇದೆ... ಆಮೇಲೆ, ಆಮೇಲೆ. ಕೆಂಪಿ ಬುಟ್ಟಿಯಿಂದ ಇಳಿದಳು, ಆ ತತ್ತಿಯನ್ನೂ ತೆಗೆದುಕೊಳ್ಳುತ್ತೇನೆ.

ಹಾಂ, ಯಾಕೆ ಕೆಟ್ಟವು ಅಂತ ಹೇಳುತ್ತೇನೆ. ತತ್ತಿಯ ಸಿಪ್ಪೆ ಗಟ್ಟಿ ಅನ್ನಿಸುತ್ತದೆ, ಆದರೆ ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು, ಸಾವಿರಗಟ್ಟಲೆ. ಒಳಗೆ ಮರಿ ಬೆಳೆದರೆ ಅದು ಉಸಿರಾಡಬೇಕಲ್ವಾ. ಆ ರಂಧ್ರಗಳನ್ನು ಮುಚ್ಚೋಕೆ ಕೋಳಿ ಕೊನೆಗೆ ಒಂದು ತೆಳು ಪೊರೆ ಸವರಿ ತತ್ತಿ ಇಡುತ್ತದೆ. ಇಟ್ಟ ಕೂಡಲೇ ಮುಟ್ಟಿ ನೋಡಿ, ಒದ್ದೆ ಒದ್ದೆ ಇರುತ್ತದೆ, ನೋಡನೋಡುತ್ತ ಆರಿಬಿಡುತ್ತದೆ. ಅದೇ ಪೊರೆ. ನಾನು ಸೋಪು ಹಚ್ಚಿ ಉಜ್ಜಿದ್ದು ಅದನ್ನೇ.

ತಣ್ಣೀರು ಇನ್ನೂ ದೊಡ್ಡ ತಪ್ಪು. ಕೋಳಿಯ ಮೈ 41 ಡಿಗ್ರಿ ಆಸುಪಾಸು ಬಿಸಿ ಇರುತ್ತದೆ. ತತ್ತಿ ಹೊರಗೆ ಬಂದು ತಣ್ಣಗಾದಂತೆ ಒಳಗಿನದು ಕುಗ್ಗುತ್ತದೆ, ರಂಧ್ರದಿಂದ ಗಾಳಿ ಒಳಗೆ ಹೋಗುತ್ತದೆ. ಬೇಯಿಸಿದ ತತ್ತಿ ಸುಲಿದಾಗ ದಪ್ಪ ತುದಿಯಲ್ಲಿ ತಗ್ಗು ಇರುತ್ತದಲ್ಲ, ಆ ಗಾಳಿಯ ಜಾಗ ಅದೇ. ಬೆಚ್ಚನೆ ತತ್ತಿಯನ್ನ ತಣ್ಣೀರಲ್ಲಿ ಮುಳುಗಿಸಿದರೆ? ಗಾಳಿಯ ಬದಲು ಬಕೆಟ್‌ನ ಹೊಲಸು ನೀರನ್ನ ಎಳೆದುಕೊಳ್ಳುತ್ತದೆ. ಅದರ ಜೊತೆ ಸಾಲ್ಮೊನೆಲ್ಲಾದಂಥ ಕ್ರಿಮಿ ಒಳಗೆ ಹೋಗಬಹುದು. ಅವ್ವನಿಗೆ ಇದನ್ನು ವಿವರಿಸಿದೆ. "ಅದನ್ನ ನಾ ಹೇಳಿದ್ದು" ಅಂದಳು.

ಇನ್ನು ನೀರಲ್ಲಿ ಮುಳುಗಿದರೆ ತಾಜಾ, ತೇಲಿದರೆ ಹಳೆಯದು ಅನ್ನೋದು ಸುಳ್ಳಲ್ಲ. ದಿನ ಕಳೆದಂತೆ ಒಳಗಿನ ತೇವ ಆರಿ ಗಾಳಿಯ ಜಾಗ ದೊಡ್ಡದಾಗುತ್ತದೆ, ಅದಕ್ಕೇ ತೇಲುತ್ತದೆ. ಅಂದರೆ ಅದು ಹೇಳೋದು ತತ್ತಿಯ ವಯಸ್ಸು ಮಾತ್ರ. ಒಳಗೆ ಕ್ರಿಮಿ ಹೊಕ್ಕಿದೆಯಾ ಅಂತ ಹೇಳೋದಿಲ್ಲ. ನನ್ನ 12 ತತ್ತಿ ಮುಳುಗಿದ್ದವು, ನೆನಪಿರಲಿ. ಈಗ ನಾನು ಪ್ರತಿ ತತ್ತಿಯನ್ನೂ ಬೇರೆ ಬಟ್ಟಲಲ್ಲಿ ಒಡೆದು, ನೋಡಿ, ಮೂಸಿ, ಆಮೇಲೆ ಬೋಗುಣಿಗೆ ಹಾಕುತ್ತೇನೆ.

ಅಮೆರಿಕದಲ್ಲಿ ತೊಳೆದೇ ಮಾರುತ್ತಾರಲ್ಲ ಅಂತ ನೀವು ಕೇಳಬಹುದು. ಹೌದು, ಅಲ್ಲಿ ಯಂತ್ರದಲ್ಲಿ ಬಿಸಿನೀರಿನಿಂದ ತೊಳೆದು, ಒಣಗಿಸಿ, 7 ಡಿಗ್ರಿ ತಂಪಿನಲ್ಲೇ ಅಂಗಡಿ ಮುಟ್ಟಿಸುತ್ತಾರೆ. ಯುರೋಪಿನಲ್ಲಿ ಸಾಮಾನ್ಯವಾಗಿ ಉಲ್ಟಾ, ಎ ದರ್ಜೆಯ ತತ್ತಿ ತೊಳೆಯುವ ಹಾಗೇ ಇಲ್ಲ. ತೊಳೆದರೆ ಫ್ರಿಜ್ ಬೇಕೇ ಬೇಕು. ನಾನು ತೊಳೆದೂ ಹೊರಗಿಟ್ಟೆ.

ಈಗ ಈ ಕಾಲಿನ ಅಚ್ಚಿನ ತತ್ತಿ. ಕೂಡಲೇ ಒರೆಸಬೇಡಿ, ಹಸಿ ಮಣ್ಣು ಒರೆಸಿದರೆ ಪೂರ್ತಿ ಮೆತ್ತಿಕೊಳ್ಳುತ್ತದೆ. ನೆರಳಲ್ಲಿ ಆರೋಕೆ ಬಿಡಿ. ಇದು ನಿನ್ನೆಯದು, ಆರಿದೆ. ಎರಿ ಮಣ್ಣಿನ ಒಂದು ಒಳ್ಳೆ ಗುಣ ಅಂದರೆ ಒಣಗಿದರೆ ಹೊಲದ ಹಾಗೇ ಬಿರುಕು ಬಿಡುತ್ತದೆ. ಉಗುರಿನಿಂದ ಹೀಗೆ ತಟ್ಟಿ... ಬಿತ್ತು ನೋಡಿ, ಚಕ್ಕೆ ಚಕ್ಕೆ. ಉಳಿದದ್ದಕ್ಕೆ ಒಣಗಿದ ಹೀರೇಕಾಯಿ ನಾರು, ಮೆಲ್ಲಗೆ, ಕಲೆ ಇದ್ದಲ್ಲಿ ಮಾತ್ರ. ಸ್ವಲ್ಪ ಕಲೆ ಉಳಿದರೆ ಉಳಿಯಲಿ. ವಿನೆಗರ್ ಹಚ್ಚಿ ಅಂತ ಯಾರೋ ಹೇಳಿದ್ದರು, ಬೇಡವೇ ಬೇಡ. ಸಿಪ್ಪೆ ಅಂದರೆ ಸುಣ್ಣದ ಜಾತಿ, ಹುಳಿ ತಾಗಿದರೆ ನೊರೆ ಎದ್ದು ತಿಂದುಹಾಕುತ್ತದೆ.

ಅಯ್ಯೋ, ಈ ಕೆಂಪಿಯ ತತ್ತಿ. ಮಣ್ಣಲ್ಲ ಇದು, ಹಿಕ್ಕೆ. ಅರ್ಧ ಸಿಪ್ಪೆಗೆ ಹಸಿಯಾಗಿ ಮೆತ್ತಿದೆ. ಇದನ್ನ ಹಾಗೇ ಅಡುಗೆಮನೆಗೆ ಒಯ್ಯೋಕೆ ನನ್ನ ಮನಸ್ಸು ಒಪ್ಪೋದಿಲ್ಲ. ಸರಿ, ಇದನ್ನ ತೊಳೆಯುತ್ತೇನೆ. ಹೌದು, ಈಗಷ್ಟೇ ಬೇಡ ಅಂದೆ. ಎತ್ತಿಡೋದಕ್ಕೆ ಬೇಡ ಅಂದೆ, ಇದು ಇವತ್ತೇ ಬೇಯುವ ತತ್ತಿ. ನೆನೆಸೋದಿಲ್ಲ, ಮೇಲಿಂದ ನೀರು ಸುರಿಯೋದು. ನೀರು ತತ್ತಿಗಿಂತ ಬಿಸಿ ಇರಬೇಕು, 11 ಡಿಗ್ರಿಯಾದರೂ ಜಾಸ್ತಿ. ಅವ್ವನ ಲೆಕ್ಕದಲ್ಲಿ ಕೂಸಿಗೆ ಎರೆಯುವ ನೀರು. ಆಗ ಒಳಗಿನದು ಹಿಗ್ಗುತ್ತದೆ, ಹೊಲಸನ್ನ ಎಳೆದುಕೊಳ್ಳೋದಿಲ್ಲ. ಬಟ್ಟೆಯಲ್ಲಿ ಒರೆಸಿ, ಪೂರ್ತಿ ಬೇಯಿಸಿ, ಮುಗಿಸಿ. ಕೈಯನ್ನ ಸೋಪು ಹಾಕಿ ತೊಳೆಯಿರಿ. ತತ್ತಿಯ ಮೇಲಿನ ಸಿಟ್ಟಿಗೆ ಸೋಪನ್ನೇ ಬಿಡಬೇಡಿ. ಬಿರುಕು ಬಿಟ್ಟು ಹೊಲಸಾದ ತತ್ತಿ ಮಾತ್ರ ತಿಪ್ಪೆಗೆ.

ಹಿಕ್ಕೆ ಯಾಕೆ ಮೆತ್ತಿತು ಅಂದರೆ ಕೆಂಪಿ ರಾತ್ರಿ ಬುಟ್ಟಿಯಲ್ಲೇ ಮಲಗಿದ್ದಾಳೆ. ತಪ್ಪು ನನ್ನದು. ಕೋಳಿ ಎಲ್ಲಕ್ಕಿಂತ ಎತ್ತರದ ಜಾಗ ಹುಡುಕಿ ಕೂರುತ್ತದೆ, ಅದಕ್ಕೆ ಮಲಗುವ ಕೋಲು ಬುಟ್ಟಿಗಿಂತ ಮೇಲೆ ಇರಬೇಕು. ನಮ್ಮ ಕೋಲು ಹೋದ ವಾರದ ಗಾಳಿಗೆ ಒಂದು ಕಡೆ ಜಾರಿದೆ, ಕಟ್ಟೋಣ ಕಟ್ಟೋಣ ಅಂತ ಬಿಟ್ಟೆ. ಬುಟ್ಟಿಗೆ ಕಬ್ಬಿನ ಒಣ ರವದಿ ಹಾಕುತ್ತೇವೆ, ನಮ್ಮ ಕಡೆ ಅದಕ್ಕೇನು ಬರ. ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ಬದಲಿಸಿ, ಬೆಳಗ್ಗೆ ಸಂಜೆ ಎರಡು ಸಲ ತತ್ತಿ ಎತ್ತಿದರೆ ತೊಳೆಯುವ ಪ್ರಶ್ನೆಯೇ ಜಾಸ್ತಿ ಬರೋದಿಲ್ಲ.

ಈ ಮಳೆಗಾಲದ ತಂಪಿನಲ್ಲಿ ತೊಳೆಯದ ತತ್ತಿ ಎರಡು ವಾರ ಬುಟ್ಟಿಯಲ್ಲಿ ಆರಾಮಾಗಿ ಇರುತ್ತದೆ, ಚೂಪು ತುದಿ ಕೆಳಗೆ. ಏಪ್ರಿಲ್ ತಿಂಗಳಲ್ಲಿ ಈ ಮಾತು ನಂಬಬೇಡಿ! ಆಗ ನಮ್ಮಲ್ಲಿ 40 ಡಿಗ್ರಿ. ಮರಿ ಬೆಳೆಯೋಕೆ 37.5 ಸಾಕು. ಹುಂಜ ಇರುವ ಮನೆಯಲ್ಲಿ ಕಪಾಟಿನ ತತ್ತಿಗೇ ಕಾವು ಕೂತು ಒಳಗೆ ರಕ್ತದ ಎಳೆ ಮೂಡುತ್ತದೆ. ಬೇಸಿಗೆಯಲ್ಲಿ ಸೀದಾ ಫ್ರಿಜ್‌ಗೆ, ತೊಳೆಯದೇ. ಒಮ್ಮೆ ಒಳಗಿಟ್ಟರೆ ಮತ್ತೆ ಹೊರಗಿಡಬೇಡಿ, ಮೈಮೇಲೆ ನೀರಿನ ಹನಿ ಕೂರುತ್ತದೆ, ತೊಳೆದಷ್ಟೇ ಕೆಟ್ಟದ್ದು.

ಶ್ರಾವಣಕ್ಕೆ ಇನ್ನು ಎಂಟು ದಿನ. ಈ ಸಲ ಪ್ರತಿ ತತ್ತಿಯ ಮೇಲೂ ಪೆನ್ಸಿಲ್‌ನಿಂದ ತಾರೀಖು ಬರೆಯುತ್ತಿದ್ದೇನೆ. ಹೋದ ವರ್ಷದ ಆ ಮನೆಗೆ ಮೊದಲ 12 ಸುಮ್ನೆ ಕೊಡಬೇಕು, ದುಡ್ಡು ತೆಗೆದುಕೊಳ್ಳಬಾರದು ಅಂತ ಅವ್ವನಿಗೂ ಹೇಳಿದ್ದೇನೆ. ಅವರು ತೆಗೆದುಕೊಳ್ಳುತ್ತಾರಾ ನೋಡೋಣ.

ಅವ್ವ ಕರೆಯುತ್ತಿದ್ದಾಳೆ, ರೊಟ್ಟಿ ಆಗಿದೆಯಂತೆ. ಕೆಂಪಿಯ ತತ್ತಿ ಒಗ್ಗರಣೆಗೆ ಹೋಗಬೇಕು. ಮೋಡ ಮತ್ತೆ ಕಪ್ಪಾಗುತ್ತಿದೆ, ಕ್ಯಾಮೆರಾ ಒಳಗಿಟ್ಟು ಮೊದಲು ಆ ಕೋಲು ಕಟ್ಟುತ್ತೇನೆ. ಹಗ್ಗ ಎಲ್ಲಿಟ್ಟೆ?